ಮೂಲೆ ಹಿಡಿದ ಕಪಾಟು

ನಮ್ಮ ಮನೆಗಳಲ್ಲಿ ಮೂಲೆಗಳಿಗೆಲ್ಲ ಒಂದೇ ಬಗೆಯ ಯೋಗವಿಲ್ಲ. ಈಶಾನ್ಯದ ಮೂಲೆ ದೇವರಿಗೆ ಸಲ್ಲುತ್ತದೆ, ಆಗ್ನೇಯದ್ದು ಒಲೆಗೆ; ಉಳಿದವು ಕೊಡೆ, ಊರುಗೋಲು, ಸುತ್ತಿಟ್ಟ ಚಾಪೆಗಳ ಪಾಲಾಗುತ್ತವೆ. ಮೂಲೆಗೆಂದೇ ಕಪಾಟೊಂದನ್ನು ಮಾಡಿಸಿ, ಅದರಲ್ಲಿ ಮದ್ಯದ ಬಾಟಲಿಗಳನ್ನು ಜೋಡಿಸಿ, ಅತಿಥಿಗಳ ಇದಿರಿನಲ್ಲಿ ಅದರ ಬಾಗಿಲು ತೆರೆಯುವ ಪದ್ಧತಿ ಕಡಲಾಚೆಯದು. ಆದರೂ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಾಗ, ಬೆನ್ನು ಮುಕ್ಕೋನವಾಗಿ ಮುಖ ದುಂಡಗಿರುವ ಸಾಗವಾನಿಯ ಕಪಾಟೊಂದು ಹೊರಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಈ ಬಡಾವಣೆಯ ಇತಿಹಾಸವೇ ಅಂಥದು.

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಭವ್ಯ ಕಟ್ಟಡವೇ ಅದು. ಕಂಪನಿಯ ಕಾರ್ಯಾಗಾರ ಬಂದುದು ಹುಬ್ಬಳ್ಳಿಗೆ. ಅದರೊಡನೆ ಬಂದವರು ಇಂಜಿನಿಯರರು, ಫೋರ್‌ಮನ್ನರು, ಆಂಗ್ಲೋ ಇಂಡಿಯನ್ ಚಾಲಕರು. ಬಂಗಲೆಗಳು, ಕ್ಲಬ್ಬುಗಳು, ಇಗರ್ಜಿಗಳು. ನಿಲ್ದಾಣಕ್ಕೆ ಹತ್ತಿರದ ಕೇಶ್ವಾಪುರ ಹೀಗೆ ರೈಲ್ವೆಯ ನೆರಳಿನಲ್ಲಿ ಬೆಳೆದ ಪ್ರದೇಶ. ವರ್ಗವಾದಾಗ ಅಥವಾ ಸ್ವದೇಶಕ್ಕೆ ಮರಳುವಾಗ ಮನೆಯ ಸಾಮಾನನ್ನು ಹರಾಜಿಗಿಡುವುದು ಅಂದಿನ ಬಿಳಿಯ ಅಧಿಕಾರಿಗಳ ರೂಢಿ. ದೊರೆಯ ಕುರ್ಚಿ ವಕೀಲರ ಪಡಸಾಲೆಗೂ ದೊರೆಸಾನಿಯ ಕನ್ನಡಿ ವ್ಯಾಪಾರಿಯ ಮನೆಗೂ ಸೇರುತ್ತಿದ್ದುದು ಆ ದಾರಿಯಿಂದಲೇ.

ಮೂಲೆಯ ಕಪಾಟು ಮೊದಲಿಗೆ ಮದ್ಯಕ್ಕಾಗಿಯೇ ಹುಟ್ಟಿದ್ದಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಪಿಂಗಾಣಿಯ ತಟ್ಟೆ-ಬಟ್ಟಲುಗಳ ಆವಾಸ. ಗೋಡೆಗೆ ತೂಗುಹಾಕುವಂಥವೂ ಇದ್ದವು, ನೆಲದ ಮೇಲೆ ನಿಲ್ಲುವಂಥವೂ ಇದ್ದವು. ಮದ್ಯಕ್ಕೆ ಬೇರೆಯೇ ಬೀಗದ ಪೆಟ್ಟಿಗೆಗಳಿದ್ದವು. 1881ರಲ್ಲಿ ಲಂಡನ್ನಿನ ಜಾರ್ಜ್ ಬೆಟ್ಜಮನ್ ಎಂಬ ಕುಶಲಿಗ ‘ಟ್ಯಾಂಟಲಸ್’ ಎಂಬ ಸಾಧನಕ್ಕೆ ಪೇಟೆಂಟು ಪಡೆದ. ಗಾಜಿನ ಬುದ್ದಲಿಗಳು ಕಣ್ಣಿಗೆ ಕಾಣುತ್ತವೆ, ಆದರೆ ಮೇಲಿನ ಅಡ್ಡಪಟ್ಟಿಯ ಬೀಗ ತೆರೆಯದೆ ಒಂದೂ ಹೊರಬಾರದು. ಕೊರಳ ಮಟ್ಟ ನೀರಿನಲ್ಲಿ ನಿಂತೂ ಬಾಯಾರಿ ಬಳಲಿದ ಗ್ರೀಕ್ ಪುರಾಣದ ಅರಸನ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪಿತು. ಯಜಮಾನನಿಗೆ ಸೇವಕರ ಮೇಲಿದ್ದ ಸಂಶಯಕ್ಕೆ ಇಷ್ಟು ಚೆಲುವಾದ ಸ್ಮಾರಕ ಮತ್ತೊಂದಿರಲಾರದು! ಕನ್ನಡಿಯ ಒಳಮೈ, ಮುಚ್ಚಳ ತೆರೆದೊಡನೆ ಬೆಳಗುವ ದೀಪ, ಇಂಥ ಬೆಡಗಿನ ಕಾಕ್‌ಟೇಲ್ ಕಪಾಟುಗಳು ಬಂದುದು 1920 ಮತ್ತು 1930ರ ದಶಕಗಳಲ್ಲಿ.

ಇಂಥ ಕಪಾಟನ್ನು ಕೊಂಡು ತಂದ ಹುಬ್ಬಳ್ಳಿಗನಿಗೆ ಬಲುಬೇಗ ಪೇಚಿನ ಪ್ರಸಂಗ ಒದಗಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಸರಕಾರದ 1949ರ ಪಾನನಿರೋಧ ಕಾನೂನಿನಂತೆ 1950ರ ಏಪ್ರಿಲ್‌ನಿಂದ ಪೂರ್ಣ ಪಾನನಿರೋಧ ಜಾರಿಗೆ ಬಂದಿತು. ಪರವಾನಗಿ ಇಲ್ಲದವನು ಕುಡಿಯುವುದಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಮದ್ಯಸಾರವಿರುವ ಔಷಧ ಹಾಗೂ ಸುಗಂಧದ್ರವ್ಯಗಳನ್ನೂ ಆ ಕಾನೂನು ಬಿಟ್ಟಿರಲಿಲ್ಲ. 1951ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಧ್ಯೆ ಬಂದು ಆ ಭಾಗವನ್ನು ತೆಗೆದುಹಾಕಬೇಕಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನಿಷೇಧ ಮುಂದುವರಿದು, 1967ರಲ್ಲಷ್ಟೇ ಕೊನೆಗಂಡಿತು. ಹದಿನೇಳು ವರ್ಷ! ಅಷ್ಟು ಕಾಲ ಮದ್ಯದ ಕಪಾಟೊಂದು ಗೃಹಸ್ಥರ ಮನೆಯಲ್ಲಿ ಏನು ಮಾಡಬೇಕು? ಔಷಧದ ಸೀಸೆ, ಬೆಳ್ಳಿಯ ಪಂಚಪಾತ್ರೆ, ದಸರೆಯ ಗೊಂಬೆ, ಮಕ್ಕಳ ಬಹುಮಾನದ ಬಟ್ಟಲು, ಇವುಗಳಲ್ಲಿ ಯಾವುದಕ್ಕಾದರೂ ಅದು ಒಗ್ಗಿಕೊಳ್ಳುವಂಥದು. ಮೂಲ ಉದ್ದೇಶವನ್ನು ಹಿರಿಯರು ಹೇಳದಿದ್ದರೆ ಮೊಮ್ಮಕ್ಕಳಿಗೆ ಅದು ಬರಿಯ ಗೊಂಬೆಯ ಕಪಾಟು.

ಆದರೆ ಮರ ಸುಳ್ಳು ಹೇಳುವುದಿಲ್ಲ. ಹಲಗೆಗಳ ನಡುವಣ ಅಂತರ ಒಂದಡಿಗೆ ಮೇಲ್ಪಟ್ಟಿದ್ದು, ಕೆಳಗೆ ಲೋಟಗಳಿಗೆ ಗಿಡ್ಡನೆಯ ಅಂಕಣವಿದ್ದರೆ ಅದು ಬಾಟಲಿಗಾಗಿ ಹುಟ್ಟಿದ್ದಿರಬೇಕು. ಎಲ್ಲಕ್ಕಿಂತ ಬಲವಾದ ಸಾಕ್ಷಿ ಮೆರುಗಿನದು. ಹಳೆಯ ಕುಸುರಿ ಸಾಮಾನಿಗೆ ಕೊಡುತ್ತಿದ್ದುದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶು; ಸ್ಪಿರಿಟ್ಟೆಂದರೆ ಮದ್ಯಸಾರವೇ. ಆದುದರಿಂದ ಚೆಲ್ಲಿದ ವಿಸ್ಕಿಯೂ ಬ್ರಾಂದಿಯೂ ಆ ಮೆರುಗನ್ನು ಮತ್ತೆ ಕರಗಿಸುತ್ತವೆ. ತಣ್ಣನೆಯ ಲೋಟದ ತೇವ ಉಳಿಸುವುದು ಬಿಳಿಯ ಬಳೆಯಂಥ ಗುರುತನ್ನು. ಮದ್ಯ ಚೆಲ್ಲಿದಲ್ಲಿ ಮೆರುಗೇ ಕಿತ್ತು ಅಂಟಂಟಾದ ಕಲೆ. ಮದ್ಯಕ್ಕೆಂದೇ ಮಾಡಿದ ಕಪಾಟಿಗೆ ಮದ್ಯವೇ ಶತ್ರು! ಲೋಟವಿಡುವ ಜಾಗದಲ್ಲಿ ಗಾಜನ್ನೋ ಕನ್ನಡಿಯನ್ನೋ ಹಾಸುವುದರಲ್ಲಿ ಬೆಡಗಷ್ಟೇ ಅಲ್ಲ, ಉಪಾಯವೂ ಇತ್ತು.

ಇಂದು ಹಳೆಯ ಸಾಮಾನಿನ ಮೋಹ ಹೆಚ್ಚಿ, ನಿನ್ನೆಯ ಕಪಾಟನ್ನೂ ‘ಬ್ರಿಟಿಷರ ಕಾಲದ್ದು’ ಎಂದು ಮಾರುವವರಿದ್ದಾರೆ. ಕೊಳ್ಳುವವರು ಮುಖ ನೋಡಿ ಮರುಳಾಗದೆ ಬೆನ್ನು ನೋಡಬೇಕು. ಗೋಡೆಗೆ ತಾಗುವ ಬೆನ್ನಿಗೆ ಹಳೆಯ ಬಡಿಗ ಒರಟು ಹಲಗೆಯನ್ನೇ ಹಾಕುತ್ತಿದ್ದ, ಮೆರುಗಿನ ಗೊಡವೆ ಅಲ್ಲಿರಲಿಲ್ಲ. ಅಲ್ಲಿ ನಯವಾದ ಪ್ಲೈವುಡ್ ಕಂಡರೆ ಅದು ಇಪ್ಪತ್ತನೆಯ ಶತಮಾನದ್ದು, ಇಲ್ಲವೆ ಆಮೇಲೆ ಕೂಡಿಸಿದ್ದು. ಡ್ರಾವರಿನ ಮೂಲೆಯಲ್ಲಿ ಹಲ್ಲುಹಲ್ಲಾಗಿ ಕೂಡಿಸಿದ ಜೋಡಣೆ ಸಮನಾಗಿಲ್ಲದಿದ್ದರೆ ಅದು ಕೈಗೆಲಸ. ಎಲ್ಲ ಹಲ್ಲುಗಳೂ ಒಂದೇ ಅಳತೆಯವಾದರೆ ಯಂತ್ರದ ಕೆಲಸ. ದಾಂಡೇಲಿ, ಹಳಿಯಾಳದ ಕಾಡುಗಳಿರುವ ಈ ಸೀಮೆಯಲ್ಲಿ ಸಾಗವಾನಿ ಅಪರೂಪವಲ್ಲ. ತನ್ನೊಳಗಿನ ಎಣ್ಣೆಯ ಬಲದಿಂದ ಅದು ಗೆದ್ದಲನ್ನು ತಡೆಯುತ್ತದೆ. ಬೆನ್ನಿಗೆ ಹಾಕಿದ ಅಗ್ಗದ ಮರಕ್ಕೆ ಆ ಬಲವಿಲ್ಲ. ಹುಳು ಹೊಗುವುದು ಅಲ್ಲಿಂದಲೇ.

ತಂದ ಮೇಲಿನ ಉತ್ಸಾಹವೇ ಹಲವು ಕಪಾಟುಗಳನ್ನು ಕೊಂದಿದೆ. ಮರಳುಕಾಗದದಿಂದ ತಿಕ್ಕಿ, ಹೊಳೆಯುವ ಹೊಸ ವಾರ್ನಿಶು ಬಳಿದರೆ ನೂರು ವರ್ಷದ ಬಣ್ಣ ಅರ್ಧ ದಿನದಲ್ಲಿ ಹೋಗುತ್ತದೆ. ಅರಗಿನ ಪಾಲಿಶು ಬಲ್ಲ ಕೆಲಸಗಾರನಿದ್ದರೆ ಹಳೆಯ ಮೆರುಗಿನ ಮೇಲೆಯೇ ಹೊಸದನ್ನು ಕೂಡಿಸಬಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಿತೆಂದು ಕೂಡಲೆ ಉಜ್ಜುಗೊರಡು ಹಿಡಿಯಲೂಬಾರದು. ಬಯಲುಸೀಮೆಯ ಬೇಸಗೆಯಲ್ಲಿ ಮರ ಕುಗ್ಗಿದಾಗ ಅಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಕಪಾಟಿನೊಡನೆ ಭಾರವಾದ ಹರಳುಗಾಜಿನ ಬುದ್ದಲಿ ಬಂದಿದ್ದರೆ ಅದು ನೋಟಕ್ಕಷ್ಟೇ ಇರಲಿ. ಅಂಥ ಗಾಜಿಗೆ ಸೀಸ ಬೆರೆಸುತ್ತಿದ್ದರು. ಅದರಲ್ಲಿ ತಿಂಗಳುಗಟ್ಟಲೆ ನಿಂತ ಮದ್ಯಕ್ಕೆ ಆ ಸೀಸ ಇಳಿಯುತ್ತದೆ.

ಅದರಲ್ಲಿ ಏನಿಡಬೇಕೆಂಬುದು ಆಯಾ ಮನೆಯ ಮಾತು. ಅತ್ತೆ ಜಪಕ್ಕೆ ಕೂಡುವ, ಮಕ್ಕಳು ಪಾಠ ಒಪ್ಪಿಸುವ ಪಡಸಾಲೆಯಲ್ಲಿ ಬಾಟಲಿಗಳ ಸಾಲು ತೆರೆದಿಡುವುದು ಶೋಭೆಯೆಂದು ಬಗೆಯುವವರು ಇಂದೂ ಕಡಿಮೆ. ಗೊಂಬೆಯನ್ನೇ ಇಡುವೆವೆಂದರೆ ಕಪಾಟಿಗೇನೂ ಅವಮಾನವಿಲ್ಲ. ಬಾಟಲಿಯನ್ನೇ ಇಡುವವರು ಮಾತ್ರ ಹಳೆಯ ಬೀಗವನ್ನು ಕಿತ್ತೆಸೆಯದೆ ದುರಸ್ತಿ ಮಾಡಿಸಿ, ಕೀಲಿಕೈಯನ್ನು ಮಕ್ಕಳ ಕೈಗೆಟುಕದಲ್ಲಿ ಇಟ್ಟುಕೊಳ್ಳುವುದು ಲೇಸು.

ಹಣ ಕೊಡುವ ಮುನ್ನ ಅಳತೆಯ ಟೇಪು ಹಿಡಿಯುವುದನ್ನು ಮರೆಯಬಾರದು. ಬಂಗಲೆಯ ಎತ್ತರದ ಛಾವಣಿಗೆ ಮಾಡಿದ ಕಪಾಟು ಅಪಾರ್ಟ್‌ಮೆಂಟಿನ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳಬಹುದು. ನಡುವಿನ ಪಟ್ಟಿಯ ಕೆಳಗೆ ಕೈಯಾಡಿಸಿ ನೋಡಿದರೆ, ನೆಲದ ಮೇಲೆ ನಿಲ್ಲುವ ದೊಡ್ಡ ಕಪಾಟುಗಳಲ್ಲಿ ಹಲವು ಅಲ್ಲಿ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತವೆ.