ಮಕ್ಕಳಿಗಾಗಿ ಬೀದಿ ಮರಳಿ ಪಡೆದವರು

ಹಾಲೆಂಡ್ ಎಂದೊಡನೆ ಯಾರಿಗಾದರೂ ನೆನಪಾಗುವುದು ಟ್ಯುಲಿಪ್ ಹೂವು, ಗಾಳಿಯಂತ್ರ ಮತ್ತು ಸೈಕಲ್. ಅದರ ರಾಜಧಾನಿ ಆಮ್‌ಸ್ಟರ್‌ಡ್ಯಾಂನಲ್ಲಿ ಕೋಟು ತೊಟ್ಟ ವಕೀಲರೂ, ಮುಂದೊಂದು ಹಿಂದೊಂದು ಮಗು ಕೂರಿಸಿಕೊಂಡ ತಾಯಂದಿರೂ, ಎಪ್ಪತ್ತು ದಾಟಿದ ಅಜ್ಜಂದಿರೂ ನಿಶ್ಚಿಂತೆಯಿಂದ ಸೈಕಲ್ ತುಳಿಯುತ್ತಾರೆ. ಯಾರ ತಲೆಯ ಮೇಲೂ ಹೆಲ್ಮೆಟ್ ಕಾಣುವುದು ಅಪರೂಪ. ಅಲ್ಲಿಗೆ ಹೋಗಿಬಂದ ನಮ್ಮವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಅದು ಸಪಾಟು ನೆಲ, ಜನ ಶಿಸ್ತಿನವರು, ಅವರ ಸಂಸ್ಕೃತಿಯೇ ಹಾಗೆ.’

ನೆಲ ಸಪಾಟಾಗಿರುವುದೇನೋ ನಿಜ. ಆದರೆ ಅದೇ ಸಪಾಟು ನೆಲದ ಮೇಲೆ 1971ರ ಒಂದೇ ವರ್ಷದಲ್ಲಿ ಸುಮಾರು 3,300 ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಆಗ ದೇಶದ ಒಟ್ಟು ಜನಸಂಖ್ಯೆ ಸುಮಾರು ಒಂದು ಕೋಟಿ 30 ಲಕ್ಷ. ಶಾಲೆಗೆಂದು ಹೊರಟ ಮಗು ಮನೆಗೆ ಮರಳುವುದೆಂಬ ಭರವಸೆ ಇಲ್ಲದ ದೇಶವಾಗಿತ್ತು ಅದು. ಅಲ್ಲಿಂದ ಇಂದಿನ ಸ್ಥಿತಿಗೆ ಅವರು ಬಂದು ತಲುಪಿದ ದಾರಿಯಲ್ಲಿ ತಂದೆತಾಯಿಗಳ ಸಿಟ್ಟು, ಶಾಲಾ ಮಕ್ಕಳ ಹಟ, ಅಕ್ಕಪಕ್ಕದ ಮನೆಯವರ ಒಗ್ಗಟ್ಟು ಎಲ್ಲವೂ ಇವೆ.

ಕಾರು ಬಂದ ಕಾಲ

ಎರಡನೇ ಮಹಾಯುದ್ಧಕ್ಕೆ ಮೊದಲು ಹಾಲೆಂಡಿನ ಪಟ್ಟಣಗಳ ಬೀದಿಗಳಲ್ಲಿ ಸೈಕಲ್ಲಿನದೇ ರಾಜ್ಯಭಾರ. ಯುದ್ಧಾನಂತರ ಜನರ ಕೈಯಲ್ಲಿ ಹಣ ಓಡಾಡತೊಡಗಿದಾಗ ಕಾರುಗಳು ಬಂದವು. 1960ರಲ್ಲಿ ದೇಶದಲ್ಲಿದ್ದ ಕಾರುಗಳು ಸುಮಾರು ಐದು ಲಕ್ಷ. ಹತ್ತೇ ವರ್ಷಗಳಲ್ಲಿ ಅದು 20 ಲಕ್ಷ ದಾಟಿತು. ನಾಲ್ಕು ನೂರು ವರ್ಷಗಳ ಹಿಂದೆ ದೋಣಿಗೂ ಕಾಲ್ನಡಿಗೆಗೂ ಹೊಂದುವಂತೆ ಕಟ್ಟಿದ ಆಮ್‌ಸ್ಟರ್‌ಡ್ಯಾಂ ನಗರಕ್ಕೆ ಈ ಪ್ರವಾಹವನ್ನು ತಾಳಿಕೊಳ್ಳುವ ಶಕ್ತಿ ಇರಲಿಲ್ಲ.

ಆಗಿನ ಯೋಜಕರು ಕಂಡುಕೊಂಡ ಉಪಾಯವೆಂದರೆ ನಗರವನ್ನೇ ಕಾರಿಗೆ ಹೊಂದಿಸುವುದು. 1950ರ ದಶಕದ ಮಧ್ಯಭಾಗದಲ್ಲಿ ನಗರದ ಪೊಲೀಸ್ ಮುಖ್ಯಸ್ಥ ಕಾಸ್‌ಯಾಗರ್ ಅವರು ಹಳೆಯ ಕಾಲುವೆಗಳಲ್ಲಿ ಕೆಲವನ್ನು ಮುಚ್ಚಿ ರಸ್ತೆ ಮಾಡಬೇಕೆಂದು ಸೂಚಿಸಿದ್ದರು. 1967ರಲ್ಲಿ ಅಮೆರಿಕದ ಸಂಚಾರ ತಜ್ಞ ಡೇವಿಡ್ ಜೋಕಿನೆನ್ ಇನ್ನೂ ಮುಂದೆ ಹೋಗಿ, ಕಾರ್ಮಿಕರು ವಾಸಿಸುತ್ತಿದ್ದ ಹಳೆಯ ಬಡಾವಣೆಗಳನ್ನು ಕೆಡವಿ ನಗರದ ನಡುವಿನವರೆಗೆ ಹೆದ್ದಾರಿ ತರುವ ಯೋಜನೆ ಮುಂದಿಟ್ಟರು. ಎರಡೂ ಕೈಗೂಡಲಿಲ್ಲ. ಆದರೆ ಅವುಗಳ ಹಿಂದಿದ್ದ ಆಲೋಚನೆ ಬದಲಾಗಲಿಲ್ಲ. ಚೌಕಗಳು ಕಾರು ನಿಲ್ಲಿಸುವ ತಾಣಗಳಾದವು. ಸೈಕಲ್ ಹಾದಿಗಳನ್ನು ಕಿತ್ತು ರಸ್ತೆ ಅಗಲ ಮಾಡಲಾಯಿತು. ಸೈಕಲ್ಲು ಬಡತನದ ಗುರುತು, ಇನ್ನು ಕೆಲವೇ ವರ್ಷಗಳಲ್ಲಿ ಅದು ತಾನಾಗಿ ಮಾಯವಾಗುತ್ತದೆ ಎಂದು ನಂಬಿದವರು ಹಲವರಿದ್ದರು.

ಮೊದಲ ಅಪಸ್ವರ ಬಂದದ್ದು ‘ಪ್ರೋವೋ’ ಎಂಬ ಯುವಕರ ಗುಂಪಿನಿಂದ. 1965ರಲ್ಲಿ ಅದರ ಸದಸ್ಯ ಲೂಡ್ ಸ್ಕಿಮೆಲ್‌ಪೆನ್ನಿಂಕ್ ‘ಬಿಳಿ ಸೈಕಲ್ ಯೋಜನೆ’ಯನ್ನು ಮಂಡಿಸಿದರು. ನಗರಸಭೆ ಸಾವಿರಾರು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಬೀದಿಯಲ್ಲಿಡಲಿ, ಬೇಕಾದವರು ಹತ್ತಿ ಹೋಗಿ ಇಳಿದಲ್ಲಿ ಬಿಡಲಿ ಎಂಬುದು ಅದರ ತಿರುಳು. ಗುಂಪಿನವರೇ ಕೆಲವು ಸೈಕಲ್ಲುಗಳಿಗೆ ಬಣ್ಣ ಹಚ್ಚಿ ಬೀದಿಗೆ ಬಿಟ್ಟಾಗ, ಬೀಗವಿಲ್ಲದ ಸೈಕಲ್ಲು ಕಳ್ಳತನಕ್ಕೆ ಆಹ್ವಾನ ಎಂಬ ಕಾನೂನು ತೋರಿಸಿ ಪೊಲೀಸರು ಅವನ್ನು ಹೊತ್ತೊಯ್ದರು. ಯೋಜನೆ ನಗೆಪಾಟಲಾಯಿತು. ಆದರೆ ಆ ಬೀಜ ಸಾಯಲಿಲ್ಲ. ಕೋಪನ್‌ಹೇಗನ್ನಿನಲ್ಲಿ 1995ರಲ್ಲಿ, ಪ್ಯಾರಿಸ್ಸಿನಲ್ಲಿ 2007ರಲ್ಲಿ ಮೊಳೆತು, 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ ಆರಂಭವಾದ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆಯವರೆಗೂ ಅದರ ಬಳ್ಳಿ ಹಬ್ಬಿದೆ.

ಒಬ್ಬ ತಂದೆಯ ಲೇಖನ

ಬೀದಿಯ ಪ್ರಶ್ನೆ ಮನೆಮನೆಯ ಪ್ರಶ್ನೆಯಾದದ್ದು ಮಾತ್ರ ಒಬ್ಬ ಪತ್ರಕರ್ತನ ದುಃಖದಿಂದ. ‘ದ ಟೈಡ್’ ಪತ್ರಿಕೆಯ ವಿಕ್ ಲಾಂಗನ್‌ಹಾಫ್ ಅವರ ಪುಟ್ಟ ಮಗಳು 1971ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಮರುವರ್ಷ ಅವರು ಬರೆದ ಲೇಖನದ ಶೀರ್ಷಿಕೆಯಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಕರೆ ಇತ್ತು. ತಂದೆತಾಯಿಗಳು ಒಂದಾಗಿ ಸರ್ಕಾರದ ಮೇಲೆ ಒತ್ತಡ ತರಬೇಕೆಂದು ಅವರು ಕೇಳಿಕೊಂಡರು.

ಅಪಘಾತವನ್ನು ‘ಕೊಲೆ’ ಎಂದು ಕರೆದದ್ದು ಅಂದಿಗೆ ದೊಡ್ಡ ಮಾತು. ಅಪಘಾತವೆಂದರೆ ವಿಧಿ, ಮಗುವಿನ ಅಜಾಗರೂಕತೆ, ಹೆಚ್ಚೆಂದರೆ ಒಬ್ಬ ಚಾಲಕನ ತಪ್ಪು ಎಂದು ಜನ ಒಪ್ಪಿಕೊಂಡಿದ್ದರು. ಕೊಲೆ ಎಂದ ಕೂಡಲೇ ‘ಯಾರು ಹೊಣೆ?’ ಎಂಬ ಪ್ರಶ್ನೆ ಏಳುತ್ತದೆ. ಆ ರಸ್ತೆಯನ್ನು ಹಾಗೆ ಕಟ್ಟಿದವರು, ಅಲ್ಲಿ ಆ ವೇಗವನ್ನು ಬಿಟ್ಟುಕೊಟ್ಟವರು ಉತ್ತರ ಹೇಳಬೇಕಾಗುತ್ತದೆ.

ಲೇಖನದ ಶೀರ್ಷಿಕೆಯೇ ಸಂಘಟನೆಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ತಿಯೆ ವಾನ್ ಪುಟ್ಟನ್ ಆಗ ಆಮ್‌ಸ್ಟರ್‌ಡ್ಯಾಂನಲ್ಲಿದ್ದ ಎಳೆಯ ವಯಸ್ಸಿನ ತಾಯಿ. ತಮ್ಮ ಕೇರಿಯಲ್ಲೇ ಮಕ್ಕಳು ವಾಹನಕ್ಕೆ ಸಿಕ್ಕಿ ಗಾಯಗೊಂಡದ್ದನ್ನು ಕಣ್ಣಾರೆ ಕಂಡವರು. ಮುಂದೆ ಅವರು ಯುರೋಪಿನ ಸಂಸತ್ತಿಗೂ ಆಯ್ಕೆಯಾದರು. ಸಂಘಟನೆಯವರು ಕಲ್ಲು ತೂರಲಿಲ್ಲ. ಒಂದು ದಿನದ ಮಟ್ಟಿಗೆ ಬೀದಿಯನ್ನು ವಾಹನಗಳಿಗೆ ಮುಚ್ಚಿ ಮಕ್ಕಳಿಗೆ ಆಡಲು ಬಿಟ್ಟರು. ನಡುಬೀದಿಯಲ್ಲಿ ಮೇಜು ಜೋಡಿಸಿ ಕೇರಿಯವರೆಲ್ಲ ಕೂಡಿ ಊಟ ಮಾಡಿದರು. ಸೈಕಲ್ಲುಗಳಲ್ಲಿ ಮೆರವಣಿಗೆ ಹೊರಟು ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಯ ಮುಂದೆ ನಿಂತು ಹಾಡು ಹಾಡಿ, ಮಕ್ಕಳಿಗೆ ಅಪಾಯವಿಲ್ಲದ ಬೀದಿ ಕೊಡಿ ಎಂದು ಕೇಳಿದರು. ಪ್ರಧಾನಿ ಹೊರಬಂದು ಆಲಿಸಿದರು. ಕೆಲ ಕಾಲದ ಬಳಿಕ ಸರ್ಕಾರವೇ ಈ ಸಂಘಟನೆಗೆ ಧನಸಹಾಯ ನೀಡತೊಡಗಿತು.

ಅದೇ 1972ರಲ್ಲಿ ಆಮ್‌ಸ್ಟರ್‌ಡ್ಯಾಂನ ‘ದ ಪೈಪ್’ ಎಂಬ ಕಿಕ್ಕಿರಿದ ಬಡಾವಣೆಯ ಶಾಲಾ ಮಕ್ಕಳ ಬಗ್ಗೆ ಟೆಲಿವಿಷನ್ನಿಗಾಗಿ ಸಾಕ್ಷ್ಯಚಿತ್ರವೊಂದು ತಯಾರಾಯಿತು. ನೂರು ವರ್ಷದ ಹಿಂದಿನ ಇಕ್ಕಟ್ಟಾದ ಮನೆಗಳು, ಅಂಗಳವಿಲ್ಲ, ಮರವಿಲ್ಲ, ಬೀದಿಯ ಎರಡು ಬದಿಗೂ ಕಾರುಗಳ ಸಾಲು. ಆಡಲು ಜಾಗವಿಲ್ಲದ ಮಕ್ಕಳು ಬೀದಿಗೆ ಅಡ್ಡಗಟ್ಟಿದರು. ಸಿಡಿಮಿಡಿಗೊಂಡ ಚಾಲಕರಿಗೂ ಮಕ್ಕಳಿಗೂ ವಾದ ನಡೆಯಿತು. ಮನೆಯಲ್ಲಿ ಕೂತು ಇದನ್ನು ನೋಡಿದವರಿಗೆ ಯಾರ ಪರ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ತೈಲದ ಪಾಠ

1973ರ ಅಕ್ಟೋಬರ್‌ನಲ್ಲಿ ಅರಬ್–ಇಸ್ರೇಲ್ ಯುದ್ಧ ಸಂಭವಿಸಿತು. ಇಸ್ರೇಲ್ ಪರ ನಿಂತಿತೆಂದು ಅರಬ್ ರಾಷ್ಟ್ರಗಳು ಹಾಲೆಂಡಿಗೆ ತೈಲ ನಿಲ್ಲಿಸಿದವು. ಪೆಟ್ರೋಲ್ ಉಳಿಸಲು ಸರ್ಕಾರ ನವೆಂಬರ್ 4ರಿಂದ ಭಾನುವಾರಗಳಂದು ಖಾಸಗಿ ಕಾರುಗಳ ಓಡಾಟವನ್ನು ನಿಷೇಧಿಸಿತು. ಸುಮಾರು ಎರಡು ತಿಂಗಳು ಇದು ನಡೆಯಿತು. ಬಿಕೋ ಎನ್ನುವ ಹೆದ್ದಾರಿಗಳ ಮೇಲೆ ಜನ ಸೈಕಲ್ ತುಳಿದರು, ಗಾಲಿಯ ಬೂಟು ಕಟ್ಟಿ ಜಾರಿದರು, ಬುತ್ತಿ ಬಿಚ್ಚಿ ಉಂಡರು. ಕಾರಿಲ್ಲದ ನಗರದಲ್ಲಿ ಎಷ್ಟು ಜಾಗವಿದೆ, ಎಷ್ಟು ಮೌನವಿದೆ ಎಂಬುದನ್ನು ಅವರು ಮೊದಲ ಬಾರಿಗೆ ಮೈಯಾರೆ ಅನುಭವಿಸಿದರು. ಚಳವಳಿಗಾರರು ವರ್ಷಗಟ್ಟಲೆ ಹೇಳಿದರೂ ಅರ್ಥವಾಗದ ಮಾತನ್ನು ಆ ಭಾನುವಾರಗಳು ಮನದಟ್ಟು ಮಾಡಿಸಿದವು.

ಈ ಬಿಸಿ ಆರುವ ಮುನ್ನ, 1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು. ಅದರ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಹಾಲೆಂಡಿನಲ್ಲಿ 1883ರಲ್ಲೇ ಸೈಕಲ್ ಸವಾರರ ಸಂಘವೊಂದು ಸ್ಥಾಪನೆಯಾಗಿತ್ತು. ಕಾಲಕ್ರಮದಲ್ಲಿ ಅದರ ಸದಸ್ಯರು ಕಾರು ಕೊಂಡರು. ಸಂಘ ಕಾರಿನವರ ಸಂಘವಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಹೊಸಬರು ಇದನ್ನು ಅಣಕಿಸಿ ತಮ್ಮದೇ ‘ನಿಜವಾದ, ಏಕೈಕ’ ಸೈಕಲ್ ಸವಾರರ ಸಂಘವೆಂದು ಸಾರಿಕೊಂಡರು. ಹೆಸರಿನ ಬಗ್ಗೆ ತಕರಾರೆದ್ದು ಅದನ್ನು ಬದಲಿಸಬೇಕಾಯಿತು. ಇಂದು ಅದು ‘ಫೀಟ್ಸರ್ಸ್‌ಬಾಂಡ್’ ಎಂದು ಪ್ರಸಿದ್ಧ.

ಇವರ ಕೆಲಸದ ರೀತಿಯನ್ನು ಗಮನಿಸಬೇಕು. ಸಾವಿರಾರು ಸವಾರರ ಮೆರವಣಿಗೆ ಒಂದು ಕಡೆ. ಮತ್ತೊಂದು ಕಡೆ ಸದ್ದಿಲ್ಲದ ದುಡಿಮೆ. ತಾವು ದಿನವೂ ತುಳಿಯುವ ಹಾದಿಯಲ್ಲಿ ಎಲ್ಲಿ ತಿರುವು ಅಪಾಯಕಾರಿ, ಎಲ್ಲಿ ಹಾದಿ ತಟ್ಟನೆ ಮುಗಿಯುತ್ತದೆ ಎಂಬುದನ್ನೆಲ್ಲ ಸದಸ್ಯರು ನಕ್ಷೆಯ ಮೇಲೆ ಗುರುತಿಸಿ ನಗರಸಭೆಯ ಮುಂದಿಟ್ಟರು. ‘ರಸ್ತೆ ಸರಿಯಿಲ್ಲ’ ಎಂಬ ದೂರನ್ನು ಅಧಿಕಾರಿ ಕಡತದಲ್ಲಿಡಬಹುದು. ‘ಇಂಥ ಸೇತುವೆಯ ಇಂಥ ಬದಿಯಲ್ಲಿ ಇಷ್ಟು ಜಾಗ ಬೇಕು’ ಎಂಬುದಕ್ಕೆ ಉತ್ತರ ಕೊಡಲೇಬೇಕು. ಕೆಲವೊಮ್ಮೆ ರಾತ್ರೋರಾತ್ರಿ ತಾವೇ ರಸ್ತೆಯ ಮೇಲೆ ಸೈಕಲ್ ಹಾದಿಯ ಗೆರೆ ಎಳೆದದ್ದೂ ಉಂಟು. ಪೊಲೀಸರು ಆಕ್ಷೇಪಿಸಿದರೂ, ಕೆಲವೆಡೆ ಮುಂದೆ ನಗರಸಭೆಯೇ ಅಲ್ಲಿ ಹಾದಿ ಮಾಡಿಕೊಟ್ಟಿತು.

ವಾಸದ ಅಂಗಳ

ಚಳವಳಿಯ ಬೇಡಿಕೆಗೆ ರೂಪ ಕೊಟ್ಟದ್ದು ಡೆಲ್ಫ್ಟ್ ಎಂಬ ಸಣ್ಣ ಪಟ್ಟಣ. ಅಲ್ಲಿ 1960ರ ದಶಕದ ಕೊನೆಯಲ್ಲಿ ಯೋಸ್ಟ್ ವಾಲ್ ಮೊದಲಾದ ನಗರಸಭೆಯ ವಿನ್ಯಾಸಕಾರರು ನಿವಾಸಿಗಳೊಡನೆ ಕೂಡಿ ಹೊಸ ಬಗೆಯ ಬೀದಿಯನ್ನು ರೂಪಿಸಿದರು. ಅದಕ್ಕೆ ಸಿಕ್ಕ ಹೆಸರು ‘ವೋನೆರ್ಫ್’. ವಾಸದ ಅಂಗಳ ಎಂದು ಅದರ ಅರ್ಥ. ಇಲ್ಲಿ ಫುಟ್‌ಪಾತ್ ಬೇರೆ, ರಸ್ತೆ ಬೇರೆ ಎಂಬ ಭೇದವಿಲ್ಲ. ನೆಲವೆಲ್ಲ ಒಂದೇ ಮಟ್ಟ. ದಾರಿ ನೇರವಾಗಿರದೆ ಮರ, ಬೆಂಚು, ಹೂಕುಂಡಗಳ ನಡುವೆ ಬಳಸಿ ಸಾಗುತ್ತದೆ. ಮಕ್ಕಳು ನಡುಬೀದಿಯಲ್ಲಿ ಆಡಬಹುದು. ಕಾರಿಗೆ ಪ್ರವೇಶವಿದೆ, ಆದರೆ ನಡಿಗೆಯ ವೇಗದಲ್ಲಿ, ಅತಿಥಿಯಂತೆ ಬರಬೇಕು. 1976ರಲ್ಲಿ ಇಂಥ ಬೀದಿಗಳಿಗೆ ಕಾನೂನಿನ ಮನ್ನಣೆ ದೊರೆಯಿತು.

ಇದರ ಮರ್ಮ ಸರಳ. ‘ನಿಧಾನವಾಗಿ ಚಲಿಸಿ’ ಎಂಬ ಫಲಕ ನೋಡಿ ಯಾರೂ ವೇಗ ತಗ್ಗಿಸುವುದಿಲ್ಲ. ಅಗಲವಾದ ನೇರ ರಸ್ತೆ ಎಂಥ ಸಜ್ಜನನ ಕಾಲನ್ನೂ ಆಕ್ಸಿಲರೇಟರ್ ಮೇಲೆ ಒತ್ತುವಂತೆ ಮಾಡುತ್ತದೆ. ಮುಂದೇನಿದೆಯೋ ತಿಳಿಯದ ಇಕ್ಕಟ್ಟಾದ ತಿರುವು ತಾನಾಗಿ ಹುಷಾರು ಹೇಳುತ್ತದೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪು ಸಾವಿನಲ್ಲಿ ಕೊನೆಯಾಗದಂತೆ ರಸ್ತೆ ಇರಬೇಕು ಎಂಬ ತತ್ವವನ್ನು 1990ರ ದಶಕದಲ್ಲಿ ಇಡೀ ದೇಶವೇ ತನ್ನ ರಸ್ತೆ ನೀತಿಯಾಗಿ ಒಪ್ಪಿಕೊಂಡಿತು.

ಇದೇ ಸಮಯಕ್ಕೆ ಸರ್ಕಾರ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಒಂದೊಂದು ಮಾದರಿ ಸೈಕಲ್ ಮಾರ್ಗ ನಿರ್ಮಿಸಿತು. ಕಾರು ನಿಲ್ಲಿಸಲು ಜಾಗ ಹೋದರೆ ಗಿರಾಕಿಗಳು ಬರುವುದಿಲ್ಲವೆಂದು ಹೇಗ್‌ನ ಅಂಗಡಿಯವರು ಕೂಗೆಬ್ಬಿಸಿದರು. ಆ ಮಾರ್ಗಗಳಲ್ಲಿ ಸೈಕಲ್ಲುಗಳ ಸಂಖ್ಯೆಯೇನೋ ಏರಿತು. ಆದರೆ ಒಂದು ಒಳ್ಳೆಯ ರಸ್ತೆಯಿಂದ ಇಡೀ ಊರು ಸೈಕಲ್ ಹತ್ತುವುದಿಲ್ಲ, ಮನೆ ಬಾಗಿಲಿನಿಂದ ಶಾಲೆ, ಪೇಟೆ, ರೈಲು ನಿಲ್ದಾಣದವರೆಗೆ ಹಾದಿ ಎಲ್ಲೂ ತುಂಡಾಗಬಾರದು ಎಂಬ ಪಾಠವೂ ಸಿಕ್ಕಿತು. ಮುಂದೆ ಡೆಲ್ಫ್ಟ್‌ನಲ್ಲಿ ಊರಿಗೆ ಊರನ್ನೇ ಬೆಸೆಯುವ ಹಾದಿಗಳ ಜಾಲ ಹೆಣೆಯಲಾಯಿತು.

ಆಮ್‌ಸ್ಟರ್‌ಡ್ಯಾಂನಲ್ಲಿ ತಿರುವು ಬಂದದ್ದು ರಾಜಕೀಯದ ಮೂಲಕ. ಮೆಟ್ರೋ ರೈಲಿಗಾಗಿ ನ್ಯೂಮಾರ್ಕ್ಟ್ ಬಡಾವಣೆಯ ಹಳೆಯ ಮನೆಗಳನ್ನು ಕೆಡವಿದಾಗ 1975ರಲ್ಲಿ ದೊಡ್ಡ ಗಲಭೆಯೇ ನಡೆಯಿತು. ಆ ಮೆಟ್ರೋ ಮಾರ್ಗ ಪೂರ್ಣಗೊಂಡಿತಾದರೂ, ಅದರ ಮೇಲೆ ಹಾಯಬೇಕಿದ್ದ ಅಗಲವಾದ ಹೆದ್ದಾರಿ ಬರಲೇ ಇಲ್ಲ. 1978ರ ನಗರಸಭಾ ಚುನಾವಣೆಯ ನಂತರ ಕಾರಿಗೆ ಕಡಿವಾಣ ಹಾಕಿ ಸೈಕಲ್ಲಿಗೂ ನಡೆಯುವವರಿಗೂ ಜಾಗ ಕೊಡುವ ಧೋರಣೆ ಆಡಳಿತದಲ್ಲಿ ನೆಲೆಯೂರಿತು.

ಮುಗಿಯದ ಕೆಲಸ

ಕಾನೂನೂ ಜೊತೆಗೂಡಿತು. 1994ರ ರಸ್ತೆ ಸಂಚಾರ ಕಾಯ್ದೆಯಂತೆ, ಮೋಟಾರು ವಾಹನಕ್ಕೆ ಸಿಕ್ಕಿ 14 ವರ್ಷದೊಳಗಿನ ಮಗು ಗಾಯಗೊಂಡರೆ, ತಪ್ಪು ಮಗುವಿನದೇ ಆಗಿದ್ದರೂ ವಾಹನದವರ ಕಡೆಯಿಂದ ಪೂರ್ತಿ ಪರಿಹಾರ ಸಿಗಬೇಕು. ಹೆಚ್ಚು ಬಲವುಳ್ಳವನು ಹೆಚ್ಚು ಹೊಣೆ ಹೊರಬೇಕೆಂಬುದು ಇದರ ನ್ಯಾಯ. ಫಲವೇನೆಂದು ಕೇಳುವವರಿಗೆ ಅಂಕಿಗಳೇ ಉತ್ತರ. 1971ರಲ್ಲಿ 400 ದಾಟಿದ್ದ ಮಕ್ಕಳ ಸಾವು 2010ರ ವೇಳೆಗೆ ಇಪ್ಪತ್ತಕ್ಕೂ ಕೆಳಗಿಳಿಯಿತು. ಈ ಅವಧಿಯಲ್ಲಿ ಜನಸಂಖ್ಯೆಯೂ ಕಾರುಗಳೂ ಹೆಚ್ಚಿದ್ದವೆಂಬುದನ್ನು ಮರೆಯಬಾರದು. 2019ರಲ್ಲಿ ಉಟ್ರೆಕ್ಟ್ ರೈಲು ನಿಲ್ದಾಣದಡಿ 12,500 ಸೈಕಲ್ಲುಗಳಿಗೆ ನಿಲುಗಡೆ ಸಿದ್ಧವಾಯಿತು. 2023ರ ಡಿಸೆಂಬರ್‌ನಿಂದ ಆಮ್‌ಸ್ಟರ್‌ಡ್ಯಾಂನ ಬಹುತೇಕ ಬೀದಿಗಳಲ್ಲಿ ಗರಿಷ್ಠ ವೇಗ ಗಂಟೆಗೆ 30 ಕಿಲೋಮೀಟರು.

ಹಾಗೆಂದು ಅಲ್ಲಿ ಎಲ್ಲವೂ ಸುಖಾಂತವಾಗಿದೆ ಎನ್ನುವಂತಿಲ್ಲ. ಗಳಿಸಿದ್ದನ್ನು ಕಾಯುವುದೂ ಒಂದು ಹೋರಾಟವೇ. ರೈಕ್ಸ್ ಮ್ಯೂಸಿಯಂ ಕಟ್ಟಡದ ಕೆಳಗೆ ಹಾಯುವ ಹಳೆಯ ಸೈಕಲ್ ದಾರಿಯನ್ನು ನವೀಕರಣದ ನೆಪದಲ್ಲಿ ಕಳೆದುಕೊಳ್ಳುವ ಸಂದರ್ಭ ಬಂದಾಗ ಸವಾರರು ವರ್ಷಗಟ್ಟಲೆ ಹಟ ಹಿಡಿದು 2013ರಲ್ಲಿ ಅದನ್ನು ಮತ್ತೆ ತೆರೆಸಿಕೊಂಡರು. ಈಚಿನ ವರ್ಷಗಳಲ್ಲಿ ವಿದ್ಯುತ್ ಸೈಕಲ್ಲುಗಳು ಬಂದು ಹಾದಿಗಳಲ್ಲಿ ವೇಗದ ವ್ಯತ್ಯಾಸ ಹೆಚ್ಚಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 700ಕ್ಕೂ ಹೆಚ್ಚು. ಅವರಲ್ಲಿ ಕಾರಿನಲ್ಲಿದ್ದವರಿಗಿಂತ ಸೈಕಲ್ ಮೇಲಿದ್ದವರೇ ಅಧಿಕ, ಅದರಲ್ಲೂ ವೃದ್ಧರು ಬಹಳ. ಒಂದು ಕಾಲಕ್ಕೆ ಮಕ್ಕಳಿಗಾಗಿ ಕೇಳಿದ ಪ್ರಶ್ನೆಯನ್ನು ಈಗ ಅಜ್ಜ ಅಜ್ಜಿಯರಿಗಾಗಿ ಕೇಳಬೇಕಾಗಿ ಬಂದಿದೆ.

ಹಾಲೆಂಡಿನವರು ಹುಟ್ಟುತ್ತಲೇ ಸೈಕಲ್ ಪ್ರಿಯರು ಎಂಬ ಮಾತಿಗೆ ಈ ಚರಿತ್ರೆಯಲ್ಲಿ ಹೆಚ್ಚಿನ ಆಧಾರ ಸಿಗುವುದಿಲ್ಲ. ಅವಕಾಶ ಸಿಕ್ಕಾಗ ಅವರೂ ಎಲ್ಲರಂತೆ ಕಾರು ಕೊಂಡರು, ಬೀದಿ ಬಿಟ್ಟುಕೊಟ್ಟರು, ಮಕ್ಕಳನ್ನು ಕಳೆದುಕೊಂಡರು. ಆಮೇಲೆ ಒಂದು ದಿನ ಕೇರಿಯ ಹತ್ತಾರು ಮನೆಯವರು ಮೇಜು ಕುರ್ಚಿ ಹೊರಗೆ ತಂದು ನಡುಬೀದಿಯಲ್ಲಿ ಊಟಕ್ಕೆ ಕುಳಿತರು. ಅಂಥ ಬೀದಿಗಳಲ್ಲಿ ಆಡಿದ ಮಕ್ಕಳು ಇಂದು ತಮ್ಮ ಮೊಮ್ಮಕ್ಕಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುವ ವಯಸ್ಸಿನವರು.