ಬಹುಭಾಗ ಮನವಿಯ ವಿಂಗಡಣೆ

ಕೂಡಿಸುವುದು ಸುಲಭ, ಕೂಡಿದುದನ್ನು ಕೆಡದಂತೆ ವಿಂಗಡಿಸುವುದು ಕಷ್ಟ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ಒಂದಾಗಿ ನಿಂತ ನೀರು ಸಿದ್ಧನಾಲೆ, ಬಸವನಾಲೆಗಳಲ್ಲಿ ಬೇರೆಯಾಗಿ ಗದ್ದೆಗಳಿಗೆ ಹರಿಯುತ್ತದೆ. ಗಣಕಜಾಲದಲ್ಲಿಯೂ ಇಂತಹ ವ್ಯವಸ್ಥೆಯೊಂದುಂಟು. ಅದಕ್ಕೆ ‘ಮಲ್ಟಿಪಾರ್ಟ್’, ಎಂದರೆ ಬಹುಭಾಗ ಮನವಿ, ಎಂದು ಹೆಸರು.

ಆ ಕೆರೆಯ ಸೀಮೆಯ ವಿದ್ಯಾರ್ಥಿಯೊಬ್ಬನು ಗಣಕದ ಮೂಲಕ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವನೆಂದು ಭಾವಿಸಬಹುದು. ಹೆಸರು, ಊರು ಅಕ್ಷರರೂಪದವು. ಭಾವಚಿತ್ರ, ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳು ಕಡತರೂಪದವು. ಇವೆಲ್ಲವೂ ಒಂದೇ ಪ್ರವಾಹವಾಗಿ ಸಾಗುತ್ತವೆ. ಈ ಪದ್ಧತಿಯನ್ನು 1995ರಲ್ಲಿ ಆರ್.ಎಫ್.ಸಿ. 1867 ಎಂಬ ಲೇಖ್ಯವು ನಿರೂಪಿಸಿತು, 2015ರ ಆರ್.ಎಫ್.ಸಿ. 7578 ಅದನ್ನು ಪರಿಷ್ಕರಿಸಿತು.

ಭಾಗಗಳ ನಡುವೆ ‘ಬೌಂಡರಿ’ ಎಂಬ ಗಡಿಗುರುತು ಇರುತ್ತದೆ. ಅದನ್ನು ಮನವಿಯ ಶಿರೋಭಾಗದಲ್ಲಿಯೇ ಸಾರಲಾಗುತ್ತದೆ. ಪ್ರತಿ ಭಾಗದ ಮೊದಲು ಎರಡು ಅಡ್ಡಗೆರೆಗಳೊಡನೆ ಗಡಿಗುರುತು, ಬಳಿಕ ಆ ಭಾಗದ ಹೆಸರು ಮೊದಲಾದ ವಿವರ, ಒಂದು ಖಾಲಿ ಸಾಲು, ಅನಂತರ ಒಡಲು, ಇದು ಕ್ರಮ. ಕೊನೆಯ ಗಡಿಗುರುತಿನ ಹಿಂದೆಯೂ ಎರಡು ಅಡ್ಡಗೆರೆಗಳಿರುತ್ತವೆ. ಈ ಗುರುತು ಯಾವ ಭಾಗದ ಒಡಲಿನಲ್ಲಿಯೂ ಬರಕೂಡದು. ಬಂದರೆ ಕಡತವು ನಡುವೆಯೇ ತುಂಡಾಗುವುದು.

ಜಾವಾ ಭಾಷೆಯ ಸೇವೆಗಳಲ್ಲಿ ಈ ವಿಂಗಡಣೆಗೆ ಮೊದಲು ಹೊರಗಿನ ಗ್ರಂಥಾಲಯಗಳೇ ಆಧಾರವಾಗಿದ್ದವು. 2009ರ ಸರ್ವ್‌ಲೆಟ್ 3.0 ಆವೃತ್ತಿಯು ‘ಗೆಟ್‌ಪಾರ್ಟ್’, ‘ಗೆಟ್‌ಪಾರ್ಟ್ಸ್’ ಎಂಬ ವಿಧಾನಗಳನ್ನು ಒದಗಿಸಿತು. ‘ಮಲ್ಟಿಪಾರ್ಟ್‌ಕಾನ್ಫಿಗ್’ ಎಂಬ ಸೂಚನೆಯಿಂದ ಒಂದು ಕಡತದ ಗಾತ್ರಕ್ಕೂ ಇಡೀ ಮನವಿಯ ಗಾತ್ರಕ್ಕೂ ಮಿತಿ ಹಾಕಬಹುದು. ನಿಗದಿಯಾದ ಪ್ರಮಾಣ ಮೀರಿದ ಕಡತವನ್ನು ನೆನಪಿನಕೋಶದಲ್ಲಿರಿಸದೆ ತಟ್ಟೆಗೆ ಬರೆಯಿಸಬಹುದು. ಮಿತಿಯಿಲ್ಲದ ಸೇವೆಯು ತೂಬಿಲ್ಲದ ಕೆರೆಯಂತೆ. ಒಬ್ಬನ ಭಾರಿ ಕಡತವು ಎಲ್ಲರ ಕೆಲಸವನ್ನೂ ನಿಲ್ಲಿಸೀತು.

ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕುದು ಲಿಪಿಯ ವಿಚಾರ. ‘ಸೂಳೆಕೆರೆ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು 4. ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆಗಳು ಬೇರೆಬೇರೆಯಾಗಿ 8 ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3ರಂತೆ 24 ಬೈಟುಗಳು. ಲ್ಯಾಟಿನ್ ಲಿಪಿಗಾಗಿ ರಚಿತವಾದ ಐಎಸ್‌ಒ-8859-1 ಕ್ರಮದಲ್ಲಿ ಅವನ್ನು ಓದಿದರೆ ಊರಿನ ಹೆಸರು 24 ಅರ್ಥಹೀನ ಸಂಕೇತಗಳಾಗುತ್ತದೆ. ಆದುದರಿಂದ ಮನವಿಯನ್ನು ಓದತೊಡಗುವ ಮೊದಲೇ ಯುಟಿಎಫ್-8 ಎಂದು ವಿಧಿಸಬೇಕು.

ಕಳುಹಿಸಿದವರು ಕೊಟ್ಟ ಕಡತದ ಹೆಸರನ್ನು ನಂಬಿ ಅದೇ ಹೆಸರಿನಲ್ಲಿ ಉಳಿಸಕೂಡದು. ಅದರಲ್ಲಿ ಅಡಗಿದ ದಾರಿಯ ಸೂಚನೆಯು ಬೇರೆ ಕಡತವನ್ನು ಅಳಿಸಬಹುದು. ಸೇವೆಯೇ ಹೊಸ ಹೆಸರಿಡುವುದು ಕ್ಷೇಮ.

ಹೆಸರು ಕೆಟ್ಟರೆ ಅರ್ಜಿ ಯಾರದೆಂದು ತಿಳಿಯದು. ಅಂಕಪಟ್ಟಿ ತುಂಡಾದರೆ ಅರ್ಹತೆ ತೋರದು. ಬಡ ವಿದ್ಯಾರ್ಥಿಯ ಒಂದು ವರ್ಷದ ಓದು ಇಂತಹ ಸೂಕ್ಷ್ಮಗಳನ್ನು ಅವಲಂಬಿಸಿರುವುದರಿಂದ, ಈ ವಿದ್ಯೆಯನ್ನು ಕಲಿಯುವವರು ಇವನ್ನು ಅಲ್ಪವೆಂದು ಉಪೇಕ್ಷಿಸಲಾಗದು.