ದಾರಿಯಲ್ಲಿ ನಿಂತ ಟೆಂಪೊ, ಮಂಟಪದಲ್ಲಿ ಕಾದ ಪಂಕ್ತಿ

ಸಾಂಬಾರಿಗೆ ಉಪ್ಪು ಹೆಚ್ಚಾದರೆ ಭಟ್ಟರನ್ನು ಕೇಳಬಹುದು, ಬಡಿಸುವುದು ತಪ್ಪಿದರೆ ಹುಡುಗರನ್ನು ಗದರಬಹುದು. ಅಡುಗೆ ಹೊತ್ತ ಟೆಂಪೊ ಹೈವೇಯಲ್ಲಿ ನಿಂತರೆ ಯಾರನ್ನು ಕೇಳುವುದು? ನಮ್ಮ ಸದಸ್ಯರಲ್ಲಿ ಅನೇಕರು ಹತ್ತು ಹದಿನೈದು ವರ್ಷ ದುಡಿದ ಗಾಡಿಗಳನ್ನೇ ಇಂದಿಗೂ ಓಡಿಸುತ್ತಿದ್ದಾರೆ. ನಾವೂ ಅವರಲ್ಲೊಬ್ಬರು. ಹಾಗಾಗಿ ನಮಗಾದ ಫಜೀತಿಯನ್ನು ಮುಚ್ಚಿಡದೆ ಇಲ್ಲಿ ಹೇಳುತ್ತಿದ್ದೇವೆ.

2023ರ ಮೇ ತಿಂಗಳು. ಲೋಣಾವಳದಲ್ಲಿ 350 ಜನರ ಮದುವೆ ಊಟ. ಅನ್ನ, ಪೂರಿ, ಬಜ್ಜಿ ಅಲ್ಲೇ ಮಾಡುವುದೆಂದೂ ಸಾರು, ಸಾಂಬಾರು, ಪಲ್ಯ, ಹೋಳಿಗೆ, ಪಾಯಸ ಪುಣೆಯ ನಮ್ಮ ಅಡುಗೆಮನೆಯಿಂದ ಹೋಗುವುದೆಂದೂ ಮಾತಾಗಿತ್ತು. ನಮ್ಮದು ಹಳೆಯ ಡೀಸೆಲ್ ಟೆಂಪೊ, ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲದ ಕಾಲದ್ದು. ದೂರದ ದಾರಿಯೆಂದು ಮುನ್ನೆಚ್ಚರಿಕೆಯಿಂದ ಟ್ಯಾಂಕು ತುಂಬಿಸಿಯೇ ಹೊರಟೆವು. ತಳೇಗಾಂವ್ ದಾಟುವವರೆಗೆ ಏನೂ ತೊಂದರೆಯಿಲ್ಲ. ಆಮೇಲೆ ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯಲೊಲ್ಲದು. ಎರಡು ಸಲ ಮುಗ್ಗರಿಸಿತು, ನಿಂತೇಬಿಟ್ಟಿತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿತು. ಕಾಮ್ಶೇತ್ ಬಳಿ ಮತ್ತೆ ಅದೇ ಕಥೆ, ಕಾರ್ಲಾ ಫಾಟಾದಲ್ಲಿ ಮತ್ತೊಮ್ಮೆ.

ಹನ್ನೆರಡೂವರೆಗೆ ಪಂಕ್ತಿ ಕೂರಬೇಕಿತ್ತು. ನಾವು ತಲುಪಿದ್ದು ಒಂದೂಕಾಲಿಗೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗಿಳಿದರೆ ಹಾಗೆಯೇ ಬಡಿಸುವಂತಿಲ್ಲವೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಸಾರು, ಸಾಂಬಾರು ಮತ್ತೆ ಕುದಿ ಬರಿಸುವಷ್ಟರಲ್ಲಿ ಇನ್ನೂ ಅರ್ಧ ಗಂಟೆ ಹೋಯಿತು. ಹುಡುಗಿಯ ತಂದೆ ಕೂಗಾಡಲಿಲ್ಲ. "ನಿಮ್ಮನ್ನು ನಂಬಿ ಬೇರೆ ಯಾರನ್ನೂ ವಿಚಾರಿಸಲೇ ಇಲ್ಲ ನಾವು" ಎಂದಷ್ಟೇ ಹೇಳಿದರು. ಬಿಲ್ಲಿನಲ್ಲಿ ಒಂದಷ್ಟು ಬಿಟ್ಟುಕೊಟ್ಟೆವು. ಆದರೆ ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿಲ್ಲ.

ಗ್ಯಾರೇಜಿನಲ್ಲಿ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿದರು. ಅದು ಸರಿಯಾದ ಕ್ರಮವೇ. ಗುಣವಾಗದಿದ್ದಾಗ ಇಂಜೆಕ್ಟರ್ ಬಿಚ್ಚಿದರು, ಆಮೇಲೆ ಪಂಪ್ ಓವರ್‌ಹಾಲ್ ಎಂದರು. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ವಿಚಿತ್ರವೆಂದರೆ ಗ್ಯಾರೇಜಿನಲ್ಲಿ ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಊರೊಳಗಿನ ಸಣ್ಣ ಟ್ರಿಪ್ಪುಗಳಲ್ಲೂ ನಿಲ್ಲಲಿಲ್ಲ. "ಡೀಸೆಲ್ ಹಾಕಿಸಿದ ಕೂಡಲೇ ಸರಿಯಾಗುತ್ತದೆ ಸೇಠ್" ಎಂದು ಡ್ರೈವರ್ ಹೇಳುತ್ತಲೇ ಇದ್ದ. ನಾವು ಪಂಪಿನವರ ಡೀಸೆಲ್ಲಿನ ಮೇಲೆ ಅನುಮಾನಪಟ್ಟೆವೇ ಹೊರತು ಅವನ ಮಾತಿನ ಅರ್ಥ ನಮ್ಮ ತಲೆಗೆ ಹೋಗಲಿಲ್ಲ.

ಕೊನೆಗೊಂದು ಭಾನುವಾರ ಅಕ್ಕಿಮೂಟೆ ಹೇರಿಕೊಂಡು ಅದೇ ದಾರಿಯಲ್ಲಿ ಪರೀಕ್ಷೆಗೆ ಹೊರಟೆವು. ನಮ್ಮ ಹಿರಿಯ ಅಡುಗೆ ಭಟ್ಟರೂ ಜೊತೆಗಿದ್ದರು. ಗಾಡಿ ನಿಂತಿತು. ಭಟ್ಟರು ಇಳಿದು ನೋಡಿ, "ಈ ಟ್ಯಾಂಕಿನ ಮುಚ್ಚಳ ಇಷ್ಟು ಬಿಗಿ ಯಾಕೆ? ನಮ್ಮ ಡೀಸೆಲ್ ಭಟ್ಟಿಯ ಡಬ್ಬಕ್ಕೆ ಗಾಳಿ ಹೋಗದ ಹಾಗೆ ಮುಚ್ಚಿದರೆ ಉರಿ ಸಣ್ಣಗಾಗಿ ಆರುತ್ತದಲ್ಲ ಮಾರಾಯ್ರೇ, ಇದೂ ಹಾಗೇ ಅಲ್ವಾ?" ಎಂದರು. ಮುಚ್ಚಳ ತಿರುಗಿಸಿದರೆ ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಕೈಪಂಪು ನಾಲ್ಕು ಸಲ ಒತ್ತಿ ಸ್ಟಾರ್ಟ್ ಮಾಡಿದೆವು. ಹತ್ತು ನಿಮಿಷ ಕಾಯಲೇ ಇಲ್ಲ, ಓಡಿತು.

ನಡೆದದ್ದಿಷ್ಟು. ಮೂಲ ಮುಚ್ಚಳ ಎಲ್ಲೋ ಕಳೆದುಹೋಗಿ, ಡ್ರೈವರ್ ರಸ್ತೆಬದಿಯಲ್ಲಿ ಸಿಕ್ಕ ಬೀಗದ ಮುಚ್ಚಳ ಹಾಕಿಸಿದ್ದ. ಅನೇಕ ಹಳೆಯ ಗಾಡಿಗಳಲ್ಲಿ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ತೂತು ಮುಚ್ಚಳದಲ್ಲೇ ಇರುತ್ತದೆ. ಹೊಸ ಮುಚ್ಚಳದಲ್ಲಿ ಅದಿರಲಿಲ್ಲ. ಡೀಸೆಲ್ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿದು ಪಂಪಿಗೆ ಎಳೆಯಲಾಗುವುದಿಲ್ಲ. ನಿಂತು ಕಾದರೆ ಸಂದುಗಳಿಂದ ನಿಧಾನವಾಗಿ ಗಾಳಿ ಸೇರಿ ಮತ್ತೆ ಸ್ವಲ್ಪ ದೂರ ಓಡುತ್ತದೆ. ಡೀಸೆಲ್ ಹಾಕಿಸುವಾಗಲೂ ಗ್ಯಾರೇಜಿನವರು ನೋಡುವಾಗಲೂ ಮುಚ್ಚಳ ತೆಗೆಯುತ್ತಿದ್ದರಲ್ಲ, ಅದೇ ಔಷಧಿಯಾಗುತ್ತಿತ್ತು! ಇನ್ನೊಂದು ಮಾತು: ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ, ಆದ್ದರಿಂದ ಒತ್ತಡ ಬೇಗ ಇಳಿಯುತ್ತದೆ. ಮದುವೆಯ ದಿನ ನಾವು ಮಾಡಿದ ಮುನ್ನೆಚ್ಚರಿಕೆಯೇ ನಮಗೆ ಮುಳುವಾಯಿತು.

ಆದರೆ ಎಲ್ಲ ಗಾಡಿಗಳೂ ಮುಚ್ಚಳದಿಂದಲೇ ನಿಲ್ಲುವುದಿಲ್ಲ. ನಿಲ್ಲುವ ರೀತಿಯನ್ನು ಗಮನಿಸಬೇಕು. ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಅಥವಾ ಏರು ಬಂದಾಗ ಮಾತ್ರ ಸೋತರೆ ಮೊದಲ ಅನುಮಾನ ಡೀಸೆಲ್ ಫಿಲ್ಟರಿನ ಮೇಲೆ. ಶಕ್ತಿ ಕಡಿಮೆಯಾಗಿ ಜೊತೆಗೆ ಕಪ್ಪು ಹೊಗೆಯೂ ಬಂದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಡೀಸೆಲ್ ಸಾಲದೆ ನಿಲ್ಲುವ ಎಂಜಿನ್ ಹಾಗೆ ಕಪ್ಪು ಹೊಗೆ ಕಾರುವುದಿಲ್ಲ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗಿ, ಹತ್ತಿದ ಮೇಲೂ ಎಂಜಿನ್ ಸದ್ದು ಏರಿಳಿಯುತ್ತಿದ್ದರೆ ಪೈಪಿನಲ್ಲೆಲ್ಲೋ ಗಾಳಿ ಸೇರುತ್ತಿದೆ. ಪಂಪಿಗೆ ಮುಂಚೆ ತಾತ್ಕಾಲಿಕವಾಗಿ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಹಳೆಯ ರಬ್ಬರ್ ಪೈಪು, ವಾಷರುಗಳೇ ಸಾಮಾನ್ಯವಾಗಿ ಕಾರಣ. ಮುಗ್ಗರಿಸದೆ, ಕೀ ತಿರುಗಿಸಿದಂತೆ ಒಮ್ಮೆಲೇ ನಿಂತರೆ ಡೀಸೆಲ್ ದಾರಿ ಬಿಟ್ಟು ವೈರು ಹುಡುಕಿ. ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ ಇರುವ ಗಾಡಿಗಳಲ್ಲಿ ಅದರ ವೈರು ಸಡಿಲವಾದರೂ ಸಾಕು.

ಸಿಎನ್‌ಜಿ ಹಾಕಿಸಿದ ಪೆಟ್ರೋಲ್ ವ್ಯಾನುಗಳಿದ್ದವರು ಪೆಟ್ರೋಲಿಗೆ ಬದಲಿಸಿ ನೋಡಿ. ಆಗ ಸರಿಯಾಗಿ ಓಡಿದರೆ ದೋಷ ಗ್ಯಾಸಿನ ಫಿಲ್ಟರ್ ಅಥವಾ ರೆಗ್ಯುಲೇಟರ್ ಕಡೆಗಿದೆ. ಎರಡರಲ್ಲೂ ನಿಂತರೆ ಪ್ಲಗ್, ಕಾಯಿಲ್ ನೋಡಿಸಿ. ಬಿಸಿಯಾದಾಗ ಕೈಕೊಟ್ಟು ತಣಿದಾಗ ಸರಿಹೋಗುವುದು ಕಾಯಿಲಿನ ಹಳೆಯ ಚಾಳಿ. ಆದರೆ ನಮ್ಮ ಗಾಡಿಗಳಲ್ಲಿ ಅಡುಗೆ ಗ್ಯಾಸಿನ ಸಿಲಿಂಡರುಗಳೂ ಇರುತ್ತವೆ. ಅವನ್ನು ಇಳಿಸದೆ ದಾರಿಬದಿಯಲ್ಲಿ ಕಿಡಿ ಹಾರಿಸಿ ಪರೀಕ್ಷಿಸುವ ಸಾಹಸ ದಯವಿಟ್ಟು ಬೇಡ.

ಈಗ ಡ್ರೈವರ್ ಬಳಿ ಒಂದು ಸಣ್ಣ ಡೈರಿ ಕೊಟ್ಟಿದ್ದೇವೆ. ಗಾಡಿ ಎಷ್ಟು ಕಿಲೋಮೀಟರಿಗೆ ನಿಂತಿತು, ಟ್ಯಾಂಕು ಎಷ್ಟು ತುಂಬಿತ್ತು, ಹೊಗೆ ಯಾವ ಬಣ್ಣ, ಎಷ್ಟು ಹೊತ್ತಿಗೆ ಮತ್ತೆ ಹತ್ತಿತು ಎಂದು ಬರೆಯುತ್ತಾನೆ. ಗ್ಯಾರೇಜಿಗೆ ಹೋದಾಗ ಮೊದಲು ಆ ಹಾಳೆಯನ್ನು ಮುಂದಿಡುತ್ತೇವೆ, ಸ್ಪ್ಯಾನರ್ ಆಮೇಲೆ. ಆ ಬೀಗದ ಮುಚ್ಚಳವನ್ನು ಮಾತ್ರ ಭಟ್ಟರು ಎಸೆಯಲು ಬಿಡಲಿಲ್ಲ. ಅಡುಗೆಮನೆಯ ಮೊಳೆಗೆ ನೇತುಹಾಕಿಸಿದ್ದಾರೆ.